ಹಳಿ ಇದ್ದರೆ ಹಳೆ ಗಾಡಿ

ರಾಯಬಾಗದಿಂದ ಮಿರಜಿಗೆ ಹಳೆ ಕಾಲದ ಉಗಿಗಾಡಿಯೊಂದನ್ನು ದಸರೆಗೋ ದೀಪಾವಳಿಗೋ ಒಂದು ದಿನದ ಮಟ್ಟಿಗೆ ಓಡಿಸೋಣ ಎಂದು ಯಾರಾದರೂ ಮನಸ್ಸು ಮಾಡಿದರೆ ಎಂಜಿನ್ ಸಿಕ್ಕೀತು. ಯಾವುದೋ ರೈಲು ಮ್ಯೂಸಿಯಮ್ಮಿನ ಅಂಗಳದಲ್ಲಿ ಬಣ್ಣ ಬಳಿಸಿಕೊಂಡು ನಿಂತದ್ದು ಒಂದಾದರೂ ಇದ್ದೇ ಇರುತ್ತದೆ. ನಾಲ್ಕು ಡಬ್ಬಿಗಳೂ ಸಿಕ್ಕಾವು. ಕಲ್ಲಿದ್ದಲು ತರಿಸಬಹುದು, ಬೆಂಕಿ ಹಾಕಲು ಬಲ್ಲ ನಿವೃತ್ತರನ್ನು ಹುಡುಕಿ ಕರೆತರಬಹುದು. ಸಿಗದಿರುವುದು ಹಳಿ. ಘಟಪ್ರಭಾದಿಂದ ಚಿಕ್ಕೋಡಿ ರೋಡ್, ರಾಯಬಾಗ, ಚಿಂಚಲಿ, ಕುಡಚಿ, ಉಗಾರ ಖುರ್ದ, ಶೇಡಬಾಳ, ವಿಜಯನಗರ ದಾಟಿ ಮಿರಜಿಗೆ ಹೋಗುವ ಈ ದಾರಿಯಲ್ಲಿ ನೂರು ವರ್ಷಕ್ಕೂ ಮೇಲೆ ಓಡಿದ್ದು ಮೀಟರ್ ಗೇಜ್ ಗಾಡಿಗಳು. ಎರಡು ಹಳಿಗಳ ನಡುವೆ 1,000 ಮಿಲಿಮೀಟರ್. ಇಂದು ಅಲ್ಲಿರುವ ಹಳಿಗಳ ಅಂತರ 1,676 ಮಿಲಿಮೀಟರ್. ಹಳೆಯ ಎಂಜಿನ್ನನ್ನು ಕ್ರೇನಿನಲ್ಲಿ ಎತ್ತಿ ತಂದು ಇಳಿಸಿದರೆ ಅದರ ಒಂದು ಬದಿಯ ಗಾಲಿಗಳು ಜಲ್ಲಿಯ ಮೇಲೆ ಕೂರುತ್ತವೆ.

ಹಬ್ಬದ ರಜೆಯಲ್ಲಿ ಹಳೆ ರೈಲು ಹತ್ತಿ ಸುತ್ತಾಡುವ ರೂಢಿ ಜಗತ್ತಿನ ಹಲವು ಊರುಗಳಲ್ಲಿದೆ. ಕೆಲವು ಕಡೆ ಅದು ಸಲೀಸಾಗಿ ನಡೆಯುತ್ತದೆ, ಕೆಲವು ಕಡೆ ನಡೆಯುವುದೇ ಇಲ್ಲ. ಅಲ್ಲಿಯವರಿಗೆ ಹಳೆಯದರ ಮೇಲೆ ಪ್ರೀತಿ, ನಮಗಿಲ್ಲ ಎಂದು ನಾವು ನಮ್ಮನ್ನೇ ಬೈದುಕೊಳ್ಳುವುದುಂಟು. ಆ ಬೈಗುಳದಲ್ಲಿ ಸ್ವಲ್ಪ ನಿಜವಿರಬಹುದು. ಆದರೆ ಹೆಚ್ಚಿನ ನಿಜ ಇರುವುದು ಹಳಿಗಳ ನಡುವಿನ ಅಳತೆಯಲ್ಲಿ.

ಇಂಥ ಸವಾರಿಗೆ ಎಲ್ಲರೂ ಕೊಡುವ ಉದಾಹರಣೆ ನ್ಯೂಯಾರ್ಕಿನದು. ಡಿಸೆಂಬರ್ ಬಂತೆಂದರೆ ಅಲ್ಲಿಯ ಟ್ರಾನ್ಸಿಟ್ ಮ್ಯೂಸಿಯಂ ವಾರಾಂತ್ಯಗಳಲ್ಲಿ ಒಂದು ಹಳೆಯ ಗಾಡಿಯನ್ನು ನೆಲದಡಿಯ ಸುರಂಗಕ್ಕೆ ಇಳಿಸುತ್ತದೆ. 1930ರಿಂದ 1940ರ ನಡುವೆ ಕಟ್ಟಿದ ಡಬ್ಬಿಗಳವು. 1932ರ ಸೆಪ್ಟೆಂಬರ್ 10ರಂದು ಆ ನಗರದ ಎಂಟನೆಯ ಅವೆನ್ಯೂ ಮಾರ್ಗ ಶುರುವಾದಾಗ ಓಡಿದ್ದು ಇದೇ ಜಾತಿಯ ಗಾಡಿ. ದಿನದ ದುಡಿಮೆಯಿಂದ ಅವು ಪೂರ್ತಿ ಬಿಡುಗಡೆಯಾದದ್ದು 1977ರಲ್ಲಿ. ಒಳಗೆ ಬೆತ್ತದ ಹೆಣಿಗೆಯ ಸೀಟು, ಚಾವಣಿಯಲ್ಲಿ ತಿರುಗುವ ಫ್ಯಾನು, ಹಳದಿ ಬಲ್ಬು, ಏರಿಸಿ ಇಳಿಸುವ ಕಿಟಕಿ, ಕಿಟಕಿಯ ಮೇಲೆ ಆ ಕಾಲದ ಜಾಹೀರಾತುಗಳು. ಎಸಿ ಇಲ್ಲದ್ದರಿಂದ ಕಿಟಕಿ ತೆರೆದೇ ಇರುತ್ತದೆ, ಸುರಂಗದ ಸದ್ದೆಲ್ಲ ಒಳಗೆ ನುಗ್ಗುತ್ತದೆ. ಜನ ಅಜ್ಜ–ಅಜ್ಜಿಯರ ಕಾಲದ ಕೋಟು, ಟೋಪಿ, ಮುತ್ತಿನ ಸರ ಹಾಕಿಕೊಂಡು ಬರುತ್ತಾರೆ. ಯಾರೋ ಸ್ಯಾಕ್ಸೊಫೋನ್ ತಂದಿರುತ್ತಾರೆ, ನಿಲ್ದಾಣದಲ್ಲೇ ಕುಣಿತ ಶುರುವಾಗುತ್ತದೆ. ಟಿಕೆಟ್ ದರ ಮಾತ್ರ ಎಂದಿನದೇ. ವಿಶೇಷ ಬುಕಿಂಗ್ ಇಲ್ಲ, ಪಾಸು ಇಲ್ಲ. ಮನೆಗೆ ಹೊರಟ ಯಾರೋ ನೌಕರ ಫೋನ್ ನೋಡುತ್ತ ನಿಂತಿರುವಾಗ ಎದುರಿಗೆ ತೊಂಬತ್ತು ವರ್ಷದ ಗಾಡಿ ಬಂದು ಬಾಗಿಲು ತೆರೆದರೆ ಅವನೂ ಅದನ್ನೇ ಹತ್ತುತ್ತಾನೆ. ಈ ಏರ್ಪಾಟಿನಲ್ಲಿ ನನಗೆ ಬಹಳ ಹಿಡಿಸುವ ಅಂಶ ಇದೇ. ಹಳೆಯದನ್ನು ಹಗ್ಗ ಕಟ್ಟಿ ದೂರದಿಂದ ತೋರಿಸುವುದಿಲ್ಲ, ದಿನದ ಟಿಕೆಟ್ಟಿನಲ್ಲೇ ಹತ್ತಿಸಿಕೊಳ್ಳುತ್ತಾರೆ.

ಇದು ಹೇಗೆ ಸಾಧ್ಯವಾಯಿತು? ಹಳಿಗಳ ನಡುವಿನ ಅಂತರ ಅಂದೂ 1,435 ಮಿಲಿಮೀಟರ್, ಇಂದೂ ಅಷ್ಟೇ. ಓಡುವ ಹಳಿಗಳ ಪಕ್ಕದಲ್ಲಿ ವಿದ್ಯುತ್ ಹರಿಯುವ ಮೂರನೆಯ ಹಳಿಯೊಂದಿದೆ. ಅದರ ವೋಲ್ಟೇಜು ಅಂದು ಆರುನೂರರ ಸುತ್ತ ಇತ್ತು, ಇಂದೂ ಆ ಸುತ್ತಿನಲ್ಲೇ ಇದೆ. ಪ್ಲಾಟ್‌ಫಾರ್ಮಿನ ಎತ್ತರ, ಸುರಂಗದ ಅಗಲ, ತಿರುವುಗಳ ಬಾಗು ಯಾವುದೂ ಬದಲಾಗಿಲ್ಲ. ಗಾಡಿ ಬದಲಾಯಿತು, ಸಿಗ್ನಲ್ ಬದಲಾಯಿತು, ಊರೇ ಬದಲಾಯಿತು. ತಳದ ಅಳತೆ ನಿಂತಲ್ಲೇ ನಿಂತಿತು. ಹಾಗೆಂದು ಎಲ್ಲ ಹಳೆ ಗಾಡಿಗಳೂ ಎಲ್ಲ ಕಡೆ ಹೋಗಲಾರವು. 1904ರಲ್ಲಿ ತೆರೆದ ಮೊದಲ ಮಾರ್ಗದ ಸುರಂಗ ಇಕ್ಕಟ್ಟು, ಅಲ್ಲಿ ಒಂಬತ್ತು ಅಡಿಗಿಂತ ಸ್ವಲ್ಪ ಕಿರಿದಾದ ಡಬ್ಬಿಗಳೇ ಆಗಬೇಕು. ಆಮೇಲಿನ ಹಲವು ಮಾರ್ಗಗಳ ಡಬ್ಬಿಯ ಅಗಲ ಹತ್ತು ಅಡಿ. ಆದ್ದರಿಂದ ಬೆತ್ತದ ಸೀಟಿನ ಈ ಗಾಡಿ ಆ ಊರಿನ ಅತಿ ಹಳೆಯ ಸುರಂಗಕ್ಕೆ ಹೋಗಲಾರದು. ಅಲ್ಲಿಗೆ ಅಲ್ಲಿಯದೇ ಅಳತೆಯ, 1917ರ ಸುಮಾರಿನ ಬೇರೆ ಡಬ್ಬಿಗಳನ್ನು ಕಾಪಾಡಿ ಇಟ್ಟಿದ್ದಾರೆ. ಒಂದೇ ಊರಿನಲ್ಲಿ ಎರಡು ಅಳತೆ, ಎರಡು ಹಳೆಯ ಸಂಸಾರ.

ಲಂಡನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಜಗತ್ತಿನ ಮೊದಲ ನೆಲದಡಿ ರೈಲು ಅಲ್ಲಿ ಶುರುವಾದದ್ದು 1863ರ ಜನವರಿ 10ರಂದು, ಉಗಿ ಎಂಜಿನ್ನಿನಲ್ಲಿ. ಹೊಗೆ ಕುಡಿಯುತ್ತಲೇ ಜನ ಓಡಾಡಿದರು, ವಿದ್ಯುತ್ ಬಂದದ್ದು ನಾಲ್ಕು ದಶಕದ ನಂತರ. 2013ರಲ್ಲಿ ನೂರೈವತ್ತನೆಯ ವರ್ಷದ ಸಂಭ್ರಮಕ್ಕೆ 1898ರ ಉಗಿ ಎಂಜಿನ್ನೊಂದನ್ನು ದುರಸ್ತಿ ಮಾಡಿ, 1892ರ ಮರದ ಡಬ್ಬಿಯನ್ನೂ ಸೇರಿಸಿ ಅದೇ ಸುರಂಗದಲ್ಲಿ ಓಡಿಸಿದರು. ಉಗಿ ಎಂಜಿನ್ನಿಗೆ ಮೂರನೆಯ ಹಳಿಯ ಹಂಗಿಲ್ಲ. ಗೇಜು ಒಂದೇ ಇದ್ದರೆ ಸಾಕು.

ನಮ್ಮ ದೇಶದಲ್ಲಿ ಸುರಂಗ ರೈಲಿಗೆ ಹಳೆಯದೆನ್ನುವ ವಯಸ್ಸು ಬಂದಿರುವುದು ಕೋಲ್ಕತ್ತದಲ್ಲಿ ಮಾತ್ರ. ಅಲ್ಲಿ ಮೆಟ್ರೊ ಶುರುವಾದದ್ದು 1984ರ ಅಕ್ಟೋಬರ್ 24ರಂದು. ಪೆರಂಬೂರಿನ ಕಾರ್ಖಾನೆಯಲ್ಲಿ ಕಟ್ಟಿದ ಎಸಿ ಇಲ್ಲದ ಆ ಗಾಡಿಗಳು 2021ರ ಅಕ್ಟೋಬರಿನವರೆಗೆ ದುಡಿದು ನಿವೃತ್ತವಾದವು. ಹಳಿ ಅದೇ, ವಿದ್ಯುತ್ತೂ ಅದೇ. ಬಂಗಾಳದವರು ಮನಸ್ಸು ಮಾಡಿದರೆ ದುರ್ಗಾಪೂಜೆಯ ರಾತ್ರಿ ಒಂದು ಹಳೆ ಗಾಡಿ ಬಿಡುವುದಕ್ಕೆ ಅಳತೆಯ ಅಡ್ಡಿ ಇಲ್ಲ. ನಮ್ಮ ಮೆಟ್ರೊ ಬೆಂಗಳೂರಿನಲ್ಲಿ ಓಡತೊಡಗಿದ್ದು 2011ರ ಅಕ್ಟೋಬರ್ 20ರಂದು, ಮೂರು ಡಬ್ಬಿಗಳ ಗಾಡಿಯಾಗಿ. ಅದರ ಹಳೆ ಗಾಡಿಯ ಮಾತಿಗೆ ಇನ್ನೂ ಕಾಲವಿದೆ.

ಈಗ ಕೃಷ್ಣಾ ದಂಡೆಗೆ ಬರೋಣ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ ಈ ಐದು ಊರುಗಳಲ್ಲಿ ಪಕ್ಕದಲ್ಲೇ ರೈಲು ಹಾಯುವುದು ರಾಯಬಾಗ ಸೀಮೆಯಲ್ಲಿ. ಚಿಕ್ಕೋಡಿಯ ಹೆಸರಿನ ನಿಲ್ದಾಣವಿದೆ, ಆದರೆ ‘ರೋಡ್’ ಸೇರಿಸಿಕೊಂಡು. ನಿಲ್ದಾಣದ ಹೆಸರಿನ ಕೊನೆಗೆ ರೋಡ್ ಇದ್ದರೆ ಊರು ಇನ್ನೂ ದೂರವಿದೆ, ಟಾಂಗಾ ಹುಡುಕು ಎಂದು ತಿಳಿಯಬೇಕಾದ ಕಾಲವದು. ಕಾಗವಾಡದವರಿಗೆ ಶೇಡಬಾಳ, ಅಥಣಿಯವರಿಗೆ ಶೇಡಬಾಳ ಅಥವಾ ಉಗಾರ, ಕುಡಚಿ. ಶೇಡಬಾಳದಿಂದ ಅಥಣಿಯ ಮೇಲೆ ವಿಜಯಪುರಕ್ಕೆ ಹಳಿ ಹಾಕಿ ಎಂಬ ಕೂಗು ಹಳೆಯದು. ನಿಪ್ಪಾಣಿಯವರು ಹೆದ್ದಾರಿ ಹಿಡಿದು ಕೊಲ್ಹಾಪುರಕ್ಕೆ ಹೋಗಿ ರೈಲು ಹತ್ತುವವರು. ಮಿರಜಿನಿಂದ ಕೊಲ್ಹಾಪುರಕ್ಕೆ ಅಲ್ಲಿಯ ಸಂಸ್ಥಾನ 1891ರಲ್ಲೇ ರೈಲು ತಂದುಕೊಂಡಿತ್ತು.

ಈ ಸೀಮೆಯ ಮುಖ್ಯ ಹಳಿ ಬಂದದ್ದು ಬರಗಾಲದ ಬೆನ್ನಿಗೆ. 1876ರಿಂದ 1878ರವರೆಗಿನ ಭೀಕರ ಬರದಲ್ಲಿ ಬೇರೆ ಕಡೆ ಇದ್ದ ಕಾಳನ್ನು ಮುಂಬಯಿ ಕರ್ನಾಟಕದ ಒಳನಾಡಿಗೆ ತಲುಪಿಸಲು ದಾರಿಯೇ ಇರಲಿಲ್ಲ. ಬರ ಆಯೋಗ 1880ರಲ್ಲಿ ಇಂಥ ಪ್ರದೇಶಗಳಿಗೆ ರೈಲು ಹಾಕಬೇಕೆಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಆ ದಶಕದಲ್ಲೇ ಲೋಂಡಾ, ಬೆಳಗಾವಿ, ಮಿರಜ ದಾರಿ ಸಿದ್ಧವಾಗಿ, 1890ರ ಹೊತ್ತಿಗೆ ಪುಣೆಯವರೆಗೆ ಜೋಡಿಸಿಕೊಂಡಿತು. ಹೆಚ್ಚು ಆದಾಯ ಬಾರದ ಬರದ ಸೀಮೆಗೆ ಅಗಲ ಹಳಿ ದುಬಾರಿ ಎಂದು ಲೆಕ್ಕ ಹಾಕಿದರು. ವೈಸ್‌ರಾಯ್ ಮೇಯೋನ ಸರ್ಕಾರ 1870ರಲ್ಲೇ ಅಗ್ಗದ ಮೀಟರ್ ಗೇಜಿಗೆ ಒಪ್ಪಿಗೆ ಕೊಟ್ಟಾಗಿತ್ತು. ಸಣ್ಣ ಸೇತುವೆ, ಹಗುರ ಹಳಿ, ಬಿಗಿಯಾದ ತಿರುವು, ಕಡಿಮೆ ಮಣ್ಣು. ಹೊಟ್ಟೆಗೆ ಕಾಳು ತಲುಪಿಸುವುದಕ್ಕೆ ಅಷ್ಟು ಸಾಕಿತ್ತು. ಮುಂದೆ ನೂರು ವರ್ಷ ಈ ಸೀಮೆಯವರ ಮುಂಬಯಿ ಪ್ರಯಾಣವನ್ನು ನಡುದಾರಿಯಲ್ಲಿ ತಡೆದು ನಿಲ್ಲಿಸಿದ್ದೂ ಅದೇ ಉಳಿತಾಯ.

1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಯಿತು, 1951ರಲ್ಲಿ ದಕ್ಷಿಣ ರೈಲ್ವೆಯೊಳಗೆ ಕರಗಿತು. ಕಂಪನಿಯ ಹೆಸರು ಬದಲಾದರೂ ಇಲ್ಲಿಯವರಿಗೆ ಗಾಡಿ ಎಂದರೆ ಮಿರಜ ಗಾಡಿ. ಸಾಲದ ಕಾಗದ, ಮದುವೆಯ ಜವಳಿ, ಸಿತಾರು–ತಂಬೂರಿ, ಎಲ್ಲಕ್ಕೂ ಮಿರಜ. ಮಿಷನರಿ ವೈದ್ಯ ವಾನ್ಲೆಸ್ 1890ರ ದಶಕದಲ್ಲಿ ಅಲ್ಲಿ ಆಸ್ಪತ್ರೆ ತೆರೆದ ಮೇಲಂತೂ ರೋಗಿಯನ್ನು ಹಾಸಿಗೆ ಸಮೇತ ಪ್ಯಾಸೆಂಜರ್ ಗಾಡಿಗೆ ಏರಿಸಿಕೊಂಡು ಹೋಗುವುದು ಸಾಮಾನ್ಯವಾಯಿತು. ಕುಡಚಿ ದಾಟಿದ ಕೂಡಲೇ ಕೃಷ್ಣೆಯ ಸೇತುವೆ. ಗಾಡಿ ಸೇತುವೆ ಏರಿದಾಗ ಕಿಟಕಿಯಿಂದ ನದಿಗೆ ನಾಣ್ಯ ಎಸೆದು ಕೈ ಮುಗಿಯುವವರು ಈಗಲೂ ಇದ್ದಾರೆ.

ಮಿರಜ ಜಂಕ್ಷನ್ನಿನ ವಿಶೇಷ ಗೊತ್ತಿರುವವರಿಗೆ ಮಾತ್ರ ಗೊತ್ತು. 1970ರ ದಶಕದ ಆರಂಭದಲ್ಲಿ ಪುಣೆ–ಮಿರಜ–ಕೊಲ್ಹಾಪುರ ದಾರಿ ಬ್ರಾಡ್ ಗೇಜ್ ಆಯಿತು. ಬೆಳಗಾವಿಯ ಕಡೆಯದು ಮೀಟರ್ ಗೇಜಾಗಿಯೇ ಉಳಿಯಿತು. ಪಂಢರಪುರದ ಕಡೆ ಹೋಗುವುದು ನ್ಯಾರೋ ಗೇಜ್, ಕೇವಲ 762 ಮಿಲಿಮೀಟರ್. ಸುಮಾರು ಎರಡು ದಶಕ ಕಾಲ ಒಂದೇ ನಿಲ್ದಾಣದಲ್ಲಿ ಮೂರು ಅಳತೆಯ ಹಳಿ. ರಾಯಬಾಗದಿಂದ ಮುಂಬಯಿಗೆ ಹೊರಟವನು ಟ್ರಂಕು ಹೊತ್ತು ಇಳಿದು, ಪ್ಲಾಟ್‌ಫಾರ್ಮ್ ಬದಲಿಸಿ, ಎತ್ತರದ ಗಾಡಿ ಏರಬೇಕು. ಬೆಲ್ಲ, ಸಕ್ಕರೆ, ಕಾಳಿನ ಚೀಲಗಳನ್ನು ಹಮಾಲರು ಸಣ್ಣ ವ್ಯಾಗನ್ನಿನಿಂದ ದೊಡ್ಡ ವ್ಯಾಗನ್ನಿಗೆ ಹೊತ್ತು ಹಾಕಬೇಕು. ರೈಲುಪ್ರೇಮಿಗಳು ಮಿರಜಿನ ಈ ಮೂರು ಹಳಿಯನ್ನು ನೆನೆದು ಕಣ್ಣರಳಿಸುತ್ತಾರೆ. ಹಮಾಲನ ಬೆನ್ನನ್ನು ಕೇಳಿದ್ದರೆ ಬೇರೆ ಉತ್ತರ ಬರುತ್ತಿತ್ತು.

ಈ ಮೂರರಲ್ಲಿ ಚಿಕ್ಕ ಹಳಿಯ ಕತೆಯೇ ದೊಡ್ಡದು. ಅದರ ಹೆಸರು ಬಾರ್ಶಿ ಲೈಟ್ ರೈಲ್ವೆ. ಕಟ್ಟಿದವನು ಎವರಾರ್ಡ್ ಕ್ಯಾಲ್ತ್ರಾಪ್ ಎಂಬ ಇಂಗ್ಲಿಷ್ ಎಂಜಿನಿಯರ್. ಚಿಕ್ಕ ಗೇಜಿನ ಗಾಡಿ ಎಂದರೆ ಆಟಿಕೆ, ಅದರಲ್ಲಿ ಭಾರ ಹೇರಲಾಗದು ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಕ್ಯಾಲ್ತ್ರಾಪ್ ಅದನ್ನು ಒಪ್ಪಲಿಲ್ಲ. ಹಳಿಗೆ ನೋವಾಗುವುದು ಗಾಡಿಯ ಒಟ್ಟು ತೂಕದಿಂದಲ್ಲ, ಒಂದೊಂದು ಅಚ್ಚಿನ ಮೇಲೆ ಬೀಳುವ ತೂಕದಿಂದ ಎಂಬುದು ಅವನ ವಾದ. ಹಾಗಾಗಿ ಎಂಜಿನ್ ಇರಲಿ, ವ್ಯಾಗನ್ ಇರಲಿ, ಯಾವ ಅಚ್ಚಿನ ಮೇಲೂ ಐದು ಟನ್ನಿಗಿಂತ ಹೆಚ್ಚು ಬೀಳದಂತೆ ಎಲ್ಲವನ್ನೂ ಲೆಕ್ಕ ಹಾಕಿ ಮಾಡಿಸಿದ. ಹಂಡೆಯ ನೀರನ್ನು ಒಬ್ಬಳೇ ಹೊರುವ ಬದಲು ಕೊಡಗಳಿಗೆ ಹಂಚಿ ಎಂಟು ಮಂದಿ ಹೊತ್ತಂತೆ. ಎಂಜಿನ್ನಿಗೆ ಗಾಲಿಗಳು ಹೆಚ್ಚಾದವು, ವ್ಯಾಗನ್ನುಗಳು ಒತ್ತಿದ ಉಕ್ಕಿನ ತಗಡಿನವಾದವು, ಹಗುರ ಹಳಿಯ ಮೇಲೆ ಭಾರದ ಸರಕು ಓಡಿತು. ಇಂಗ್ಲೆಂಡಿನ ಲೀಡ್ಸ್ ಹತ್ತಿರ ಪರೀಕ್ಷೆಗೆಂದೇ ಹಳಿ ಹಾಕಿ ಓಡಿಸಿ ತೋರಿಸಿದ ಮೇಲೆ ಇವನ್ನು ಭಾರತಕ್ಕೆ ಸಾಗಿಸಿದರು. 1897ರಲ್ಲಿ ಬಾರ್ಶಿ ರೋಡ್, ಅಂದರೆ ಇಂದಿನ ಕುರ್ಡುವಾಡಿಯಿಂದ ಬಾರ್ಶಿಗೆ ಮೊದಲ ಗಾಡಿ ಹೋಯಿತು. 1906ರಲ್ಲಿ ಪಂಢರಪುರ, 1911ರಲ್ಲಿ ಲಾತೂರು, 1927ರಲ್ಲಿ ಮಿರಜ. ಒಟ್ಟು 325 ಕಿಲೋಮೀಟರ್. ಈ ಕ್ಯಾಲ್ತ್ರಾಪ್ ವಿಚಿತ್ರ ಮನುಷ್ಯ. ಅರಬ್ಬೀ ಕುದುರೆ ಸಾಕುತ್ತಿದ್ದ, ಸ್ನೇಹಿತ ಚಾರ್ಲ್ಸ್ ರೋಲ್ಸ್ 1910ರಲ್ಲಿ ವಿಮಾನ ಅಪಘಾತದಲ್ಲಿ ಸತ್ತ ಮೇಲೆ ಪ್ಯಾರಾಚೂಟ್ ಮಾಡಲು ಕೂತು ‘ಗಾರ್ಡಿಯನ್ ಏಂಜೆಲ್’ ಎಂಬುದೊಂದನ್ನು ಮಾಡಿಯೂಬಿಟ್ಟ.

ಮಿರಜಿನಿಂದ ಆರಗ, ಸಲಗರೆ, ಕವಠೆ ಮಹಾಂಕಾಳ, ಢಾಲಗಾಂವ, ಜತ್ತ ರೋಡ್, ಸಾಂಗೋಲೆ ಮೇಲೆ ಹಾಯ್ದು ಪಂಢರಪುರ. ಕಾಗವಾಡ, ಮದಭಾವಿ, ಅಥಣಿ ಭಾಗದ ಎಷ್ಟೋ ಹಳ್ಳಿಗಳಿಗೆ ಈ ದಾರಿ ರಾಜ್ಯದ ಗಡಿಯಾಚೆ ಇದ್ದರೂ ತಮ್ಮದೇ. ವಿಠ್ಠಲನ ಯಾತ್ರೆ, ಅಂದರೆ ವಾರಿ, ವರ್ಷಕ್ಕೆ ನಾಲ್ಕು: ಆಷಾಢ, ಕಾರ್ತಿಕ, ಮಾಘ, ಚೈತ್ರ. ಆಷಾಢಕ್ಕೆ ನಡೆದುಕೊಂಡು ಹೋಗುವ ದಿಂಡಿಗಳೇ ಹೆಚ್ಚು. ನಡೆದು ಹೋದವರು ಮರಳುವಾಗ ಗಾಡಿ ಹತ್ತುವರು, ನಡೆಯಲಾಗದ ಮುದುಕರು, ಬಾಣಂತಿತನ ಮುಗಿಸಿದ ಸೊಸೆಯಂದಿರು ಹೋಗುವಾಗಲೂ ಗಾಡಿಯಲ್ಲೇ. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಲಸಿದ ಅವಲಕ್ಕಿ. ಅರ್ಧ ದಿನದ ದಾರಿ. ಡಬ್ಬಿ ಎಷ್ಟು ಕಿರಿದೆಂದರೆ ಎದುರು ಬದುರು ಕೂತವರ ಮೊಣಕಾಲು ತಾಗುತ್ತಿದ್ದವು. ಅಂಥದರಲ್ಲೇ ತಾಳ, ಪಖವಾಜು, ಕನ್ನಡ ಮರಾಠಿ ಎರಡರಲ್ಲೂ ಭಜನೆ. ಜಾತ್ರೆಯ ದಟ್ಟಣೆಯಲ್ಲಿ ಯಾತ್ರಿಕರನ್ನು ಮಾಲಿನ ಡಬ್ಬಿಗಳಲ್ಲೇ ತುಂಬಿ ಕಳಿಸುವುದು ಬ್ರಿಟಿಷರ ಕಾಲದ ರೈಲುಗಳಲ್ಲಿ ಮಾಮೂಲು. ನ್ಯೂಯಾರ್ಕಿನವರು ಇಂದು ದುಡ್ಡು ಕೊಟ್ಟು ಹುಡುಕಿಕೊಂಡು ಹೋಗುವ ಅಲುಗಾಟ, ಗದ್ದಲ, ತೆರೆದ ಕಿಟಕಿಯ ಧೂಳು ಇಲ್ಲಿಯವರಿಗೆ ದೇವರ ಹೆಸರಿನಲ್ಲಿ ಬಿಟ್ಟಿಯಾಗಿ ಸಿಗುತ್ತಿತ್ತು.

ಇನ್ನೊಂದು ದೊಡ್ಡ ಓಡಾಟ ಚಿಂಚಲಿಯದು. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆ ಭಾರತ ಹುಣ್ಣಿಮೆಯ ಸುತ್ತ. ಪಂಢರಪುರಕ್ಕೆ ಕನ್ನಡದವರು ಹೋದಂತೆ ಇಲ್ಲಿಗೆ ಮಹಾರಾಷ್ಟ್ರದವರು ಬರುತ್ತಾರೆ. ಸಾಂಗಲಿ, ಕೊಲ್ಹಾಪುರ, ಸಾತಾರಾ ಕಡೆಯ ಕುರುಬ–ಧನಗರ ಕುಟುಂಬಗಳು ಎತ್ತಿನ ಗಾಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ರೈಲಿನಲ್ಲಿ ಬಂದು ಇಳಿಯುತ್ತವೆ. ಚಾಂಗಭಲೋ ಎಂದು ಕೂಗಿ ಭಂಡಾರ ಎಸೆದರೆ ಪ್ಲಾಟ್‌ಫಾರ್ಮೇ ಹಳದಿ. ಜಾತ್ರೆಯ ದಿನಗಳಲ್ಲಿ ಎಕ್ಸ್‌ಪ್ರೆಸ್ ಗಾಡಿಗಳಿಗೂ ಚಿಂಚಲಿಯಲ್ಲಿ ತಾತ್ಕಾಲಿಕ ನಿಲುಗಡೆ ಕೊಡುವುದುಂಟು. ಅಂದರೆ ಹಬ್ಬದ ಕಾಲಕ್ಕೆ ರೈಲು ಹತ್ತುವುದರಲ್ಲಿ ಈ ಸೀಮೆಗೆ ಯಾರಿಂದಲೂ ಪಾಠ ಬೇಕಿಲ್ಲ. ಜಾತ್ರೆ ಉಳಿದಿದೆ, ಜನ ಉಳಿದಿದ್ದಾರೆ. ಉಳಿಯದೆ ಹೋದದ್ದು ಆ ಹಳೆ ಅಳತೆಯ ಗಾಡಿ.

ಅದು ಹೋದದ್ದು ಒಂದು ದೊಡ್ಡ ಯೋಜನೆಯಲ್ಲಿ. 1992ರಲ್ಲಿ ದೇಶದ ಎಲ್ಲ ಮುಖ್ಯ ಮಾರ್ಗಗಳನ್ನೂ ಒಂದೇ ಅಳತೆಗೆ ತರುವ ಯೂನಿಗೇಜ್ ಯೋಜನೆ ಶುರುವಾಯಿತು. ಆಗ ರೈಲ್ವೆ ಮಂತ್ರಿಯಾಗಿದ್ದವರು ನಮ್ಮವರೇ ಆದ ಸಿ. ಕೆ. ಜಾಫರ್ ಷರೀಫ್. ಮೀಟರ್ ಗೇಜಿನ ಕಷ್ಟ ಕರ್ನಾಟಕಕ್ಕೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿರಲಿಲ್ಲ ಎನ್ನಬೇಕು. ಆ ದಶಕದಲ್ಲೇ ಮಿರಜ–ಲೋಂಡಾ ದಾರಿ ಅಗಲವಾಯಿತು. ಮಿರಜ–ಪಂಢರಪುರದ ಪುಟ್ಟ ಗಾಡಿ 2010ರ ಹೊತ್ತಿಗೆ ಇತಿಹಾಸ ಸೇರಿತು. ಈಗ ಬೆಳಗಾವಿ ದಾರಿಗೆ ಜೋಡಿ ಹಳಿ, ಮೇಲೆ ವಿದ್ಯುತ್ ತಂತಿ. 2024ರ ಸೆಪ್ಟೆಂಬರಿನಿಂದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ರಾಯಬಾಗ, ಕುಡಚಿಗಳ ಪ್ಲಾಟ್‌ಫಾರ್ಮಿನ ಧೂಳೆಬ್ಬಿಸಿ ನಿಲ್ಲದೆ ಹೋಗುತ್ತದೆ.

ಹಳಿ ಅಗಲ ಮಾಡಿದ್ದು ತಪ್ಪೇ? ಇದಕ್ಕೆ ಉತ್ತರ 2016ರ ಏಪ್ರಿಲ್‌ನಲ್ಲಿ ಸಿಕ್ಕಿತು. ಲಾತೂರಿನಲ್ಲಿ ಕುಡಿಯುವ ನೀರಿಗೆ ಹಾಹಾಕಾರ. ಮಿರಜಿನಲ್ಲಿ ಕೃಷ್ಣೆಯ ನೀರು ತುಂಬಿಕೊಂಡು ಮೊದಲ ಗಾಡಿ ಹೊರಟಿತು: ಹತ್ತು ಟ್ಯಾಂಕರ್ ವ್ಯಾಗನ್, ಸುಮಾರು 5 ಲಕ್ಷ ಲೀಟರ್. ಪಂಢರಪುರ, ಕುರ್ಡುವಾಡಿ, ಬಾರ್ಶಿ ಮೇಲೆ ಲಾತೂರು. ಕ್ಯಾಲ್ತ್ರಾಪ್‌ನ ಗಾಡಿ ಹೋಗುತ್ತಿದ್ದ ಊರುಗಳನ್ನೇ ಮುಟ್ಟುತ್ತ, ಅಗಲಗೊಂಡ ಹಳಿಯ ಮೇಲೆ. ಅಲ್ಪ ದಿನಗಳಲ್ಲಿ ವ್ಯಾಗನ್ನುಗಳ ಸಂಖ್ಯೆ ಐವತ್ತಕ್ಕೆ ಏರಿತು. ಪುಟ್ಟ ಹಳಿ ಹಾಗೇ ಉಳಿದಿದ್ದರೆ ಬ್ರಾಡ್ ಗೇಜಿನ ಈ ದೊಡ್ಡ ಟ್ಯಾಂಕರುಗಳು ಆ ದಾರಿಯಲ್ಲಿ ಓಡುತ್ತಲೇ ಇರಲಿಲ್ಲ. ಬರಕ್ಕೆಂದು ಬಂದ ರೈಲು ಬರಕ್ಕೇ ಮತ್ತೆ ಒದಗಿತು. ಮೀಟರ್ ಗೇಜನ್ನು, ನ್ಯಾರೋ ಗೇಜನ್ನು ಮುಖ್ಯ ದಾರಿಯಲ್ಲಿ ಉಳಿಸಿಕೊಳ್ಳಬೇಕಿತ್ತು ಎಂದು ನಾನು ವಾದಿಸಲಾರೆ. ಇಪ್ಪತ್ತೋ ಮೂವತ್ತೋ ಕಿಲೋಮೀಟರಿನ ಒಂದು ತುಂಡನ್ನಾದರೂ ಬಿಡಬಹುದಿತ್ತು ಎಂಬ ಆಸೆ ಮಾತ್ರ ಹೋಗುವುದಿಲ್ಲ.

ಬಿಟ್ಟ ಕಡೆ ಏನಾಗಿದೆ ನೋಡಿ. ಮಧ್ಯಪ್ರದೇಶದಲ್ಲಿ ಮಹೂ ಹತ್ತಿರದ ಘಟ್ಟದ ಮೀಟರ್ ಗೇಜಿನಲ್ಲಿ ಪಾತಾಲಪಾನಿಯಿಂದ ಕಾಲಾಕುಂಡದವರೆಗಿನ ತುಂಡನ್ನು ಹಾಗೇ ಇಟ್ಟು 2018ರ ಕ್ರಿಸ್‌ಮಸ್ ದಿನ ಪ್ರವಾಸಿಗಳ ಹೆರಿಟೇಜ್ ಗಾಡಿ ಬಿಟ್ಟರು. ನಮ್ಮ ನೆರೆಯ ನೀಲಗಿರಿಯದಂತೂ ಹೇಳುವುದೇ ಬೇಡ. ಮೆಟ್ಟುಪಾಳ್ಯದಿಂದ ಕುನ್ನೂರಿಗೆ 1899ರಲ್ಲಿ, ಊಟಿಗೆ 1908ರಲ್ಲಿ ಬಂದ 46 ಕಿಲೋಮೀಟರಿನ ಹಳಿ ಇಂದಿಗೂ ಮೀಟರ್ ಗೇಜ್. ಕಡಿದಾದ ಏರಿನಲ್ಲಿ ಜಾರದಂತೆ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ, ಎಂಜಿನ್ನಿನಡಿ ಅದನ್ನು ಕಚ್ಚುವ ಹಲ್ಲುಗಾಲಿ. ಬೇರೆ ಎಂಜಿನ್ ಅಲ್ಲಿ ಹತ್ತುವುದೇ ಇಲ್ಲ, ಹಾಗಾಗಿ ಯಾರೂ ಅದನ್ನು ಬದಲಿಸಲು ಹೋಗಲಿಲ್ಲ. 2005ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಹಳೆ ಎಂಜಿನ್ನು ಸವೆದಾಗ ತಿರುಚ್ಚಿಯ ಗೋಲ್ಡನ್ ರಾಕ್ ವರ್ಕ್‌ಶಾಪಿನಲ್ಲಿ ಅದೇ ನಕ್ಷೆಯ ಹೊಸ ಉಗಿ ಎಂಜಿನ್ನುಗಳನ್ನೇ ಕಟ್ಟಿದರು. ಹಬ್ಬ, ರಜೆ ಬಂದರೆ ವಿಶೇಷ ಗಾಡಿ, ಆದರೂ ಸೀಟು ಸಿಗುವುದು ಕಷ್ಟ.

ಬ್ರಾಡ್ ಗೇಜಿನ ಅದೃಷ್ಟ ಬೇರೆ. ಅದರ ಅಳತೆ ಶುರುವಿನಿಂದ ಬದಲಾಗಿಲ್ಲ. 1855ರ ಫೇರಿ ಕ್ವೀನ್ ಎಂಬ ಎಂಜಿನ್ 1997ರಲ್ಲಿ ಮತ್ತೆ ಡಬ್ಬಿ ಎಳೆದುಕೊಂಡು ದೆಹಲಿಯಿಂದ ಅಲ್ವರಿಗೆ ಹೋದದ್ದು ಅದರಿಂದಲೇ. ಅದರ ಜೊತೆಯ, ಅದೇ ವರ್ಷದ ಇಐಆರ್–21 ಚೆನ್ನೈಯಲ್ಲಿ ಸ್ವಾತಂತ್ರ್ಯೋತ್ಸವ, ಗಣರಾಜ್ಯೋತ್ಸವಗಳಿಗೆ ಹೊಗೆ ಬಿಟ್ಟುಕೊಂಡು ಹೊರಬರುವುದೂ ಅದರಿಂದಲೇ. ಸಿಪಾಯಿ ದಂಗೆಗಿಂತ ಹಿಂದಿನ ಎಂಜಿನ್ನಿಗೆ ಓಡಲು ಹಳಿ ಇದೆ. ಕುಡಚಿಯ ಮೇಲೆ ಓಡಿದ ಮೀಟರ್ ಗೇಜ್ ಎಂಜಿನ್ನಿಗೆ ಇಲ್ಲ.

ಕರ್ನಾಟಕದಲ್ಲಿ ಹಳೆ ಡಬ್ಬಿಗಳು ಕಾಣಸಿಗುವುದು ಮ್ಯೂಸಿಯಮ್ಮಿನಲ್ಲಿ. ಮೈಸೂರಿನದು 1979ರದು, ಮಹಾರಾಣಿಯವರ ಸಲೂನ್ ಡಬ್ಬಿ ಅಲ್ಲಿದೆ. ಹುಬ್ಬಳ್ಳಿಯದು 2020ರಲ್ಲಿ ತೆರೆಯಿತು. ಅಲ್ಲಿಯ ಎರಡು ಹಳೆ ಕಾಟೇಜುಗಳಿಗೆ ಘಟಪ್ರಭಾ, ಮಲಪ್ರಭಾ ಎಂದು ನಮ್ಮ ನದಿಗಳ ಹೆಸರಿಟ್ಟಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಲು ಒಳ್ಳೆಯ ಜಾಗ. ಬೆಂಗಳೂರಿನ ಬಳಿ 1915ರ ಚಿಕ್ಕಬಳ್ಳಾಪುರ ಲೈಟ್ ರೈಲ್ವೆಯ ದೇವನಹಳ್ಳಿ, ನಂದಿ ಹಾಲ್ಟ್ ನಿಲ್ದಾಣಗಳನ್ನು ಅಂದವಾಗಿ ದುರಸ್ತಿ ಮಾಡಿದ್ದಾರೆ. ಅಲ್ಲಿ ಕಟ್ಟಡ ಹಳೆಯದು, ಎದುರಿಗೆ ಬಂದು ನಿಲ್ಲುವ ಗಾಡಿ ಹೊಸದು. ನಿಂತ ಎಂಜಿನ್ನಿಗೂ ಓಡುವ ಎಂಜಿನ್ನಿಗೂ ಇರುವ ವ್ಯತ್ಯಾಸ ಮೆಕ್ಯಾನಿಕ್ಕುಗಳನ್ನು ಕೇಳಿದರೆ ಗೊತ್ತಾಗುತ್ತದೆ. ವರ್ಷಕ್ಕೆ ನಾಲ್ಕು ದಿನ ಓಡಬೇಕಾದ ಗಾಡಿಯ ಬ್ರೇಕು, ಬೇರಿಂಗು, ತಂತಿ ಎಲ್ಲವನ್ನೂ ಯಾರಾದರೂ ಬಿಚ್ಚಿ ನೋಡಲೇಬೇಕು, ಆ ಕೆಲಸ ಬಲ್ಲವರು ಕಿರಿಯರಿಗೆ ಹೇಳಿಕೊಡಲೇಬೇಕು. ನಿಂತದ್ದಕ್ಕೆ ಬಣ್ಣ ಸಾಕು.

ಹಾಗಾದರೆ ಮಿರಜ–ಘಟಪ್ರಭಾ ದಾರಿಯಲ್ಲಿ ಹಬ್ಬಕ್ಕೊಂದು ಹಳೆ ಗಾಡಿ ಎಂದೂ ಬರಲಾರದೇ? ಬರಬಹುದು, ಮತ್ತು ಅದು ಈಗ ನಮ್ಮ ಕಣ್ಣೆದುರೇ ಓಡುತ್ತಿದೆ. ಪೆರಂಬೂರಿನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ 1955ರ ಅಕ್ಟೋಬರ್ 2ರಂದು ಶುರುವಾಯಿತು. ಸ್ವಿಟ್ಜರ್ಲೆಂಡಿನ ವಿನ್ಯಾಸದಲ್ಲಿ ಅಲ್ಲಿ ಕಟ್ಟಿದ ಡಬ್ಬಿಗಳೇ ಆರು ದಶಕ ದೇಶವನ್ನು ಹೊತ್ತವು. ಮೊದಲು ಇಟ್ಟಿಗೆ ಕೆಂಪು, 1990ರ ದಶಕದಿಂದ ನೀಲಿ. ಆ ವಿನ್ಯಾಸದ ಕೊನೆಯ ಡಬ್ಬಿ 2018ರ ಜನವರಿಯಲ್ಲಿ ಹೊರಬಂತು. ಈಗ ಕಟ್ಟುವುದು ಹೆಚ್ಚಾಗಿ ಜರ್ಮನ್ ವಿನ್ಯಾಸದ ಎಲ್‌ಎಚ್‌ಬಿ, ಇಲ್ಲವೇ ವಂದೇ ಭಾರತ್. ರೈಲ್ವೆ ಲೆಕ್ಕದಲ್ಲಿ ಡಬ್ಬಿಯ ಆಯುಷ್ಯ ಇಪ್ಪತ್ತೈದು ವರ್ಷ. 2043ರ ಹೊತ್ತಿಗೆ ನೀಲಿ ಡಬ್ಬಿ ಮುಗಿದ ಕತೆ. ಒಂದೊಂದೇ ಗುಜರಿಗೆ ಹೋಗುತ್ತಿವೆ, ಯಾರೂ ಅಳುತ್ತಿಲ್ಲ. ತೀರಾ ಪರಿಚಿತವಾದದ್ದು ಹಳೆಯದಾಗುತ್ತಿದೆ ಎಂದು ಯಾರಿಗೂ ತೋರುವುದಿಲ್ಲ. ನ್ಯೂಯಾರ್ಕಿನಲ್ಲೂ 1970ರ ದಶಕದಲ್ಲಿ ಆ ಬೆತ್ತದ ಸೀಟಿನ ಗಾಡಿಗಳನ್ನು ಹಳೇ ತಗಡು ಎಂದೇ ಜನ ಬೈಯುತ್ತಿದ್ದರು.

ಇವುಗಳ ಗಾಲಿಗೆ ಹಳಿಯ ಕೊರತೆ ಬರುವುದಿಲ್ಲ. 1,676 ಮಿಲಿಮೀಟರ್ ಇನ್ನು ಬದಲಾಗುವ ಲಕ್ಷಣವಿಲ್ಲ. ಇಂಥ ಡಬ್ಬಿಗಳನ್ನು ಬಿಚ್ಚಿ ಕೂಡಿಸುವ ಕೈಗಳು ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲೇ ಇವೆ. ಎಂಟು ಡಬ್ಬಿಗಳ ಒಂದು ಗಾಡಿಯನ್ನು ಈಗಲೇ ಎತ್ತಿಟ್ಟು, ಭಾರತ ಹುಣ್ಣಿಮೆಗೆ ಮಿರಜಿನಿಂದ ಚಿಂಚಲಿಗೆ, ಕಾರ್ತಿಕ ಏಕಾದಶಿಗೆ ಘಟಪ್ರಭಾದಿಂದ ಪಂಢರಪುರಕ್ಕೆ ಪ್ಯಾಸೆಂಜರ್ ದರದಲ್ಲೇ ಬಿಡಬಹುದು. ಎತ್ತಿಡುವುದಾದರೆ ಪೂರ್ತಿ ಎತ್ತಿಡಬೇಕು: ಕಿಟಕಿಗೆ ಅಡ್ಡ ಸರಳು, ಮೇಲೆ ಕೆಳಗೆ ಆಡಿಸುವಾಗ ಬೆರಳು ಸಿಕ್ಕಿಸಿಕೊಳ್ಳುವ ಶಟರು, ಹಲಗೆಯ ಸೀಟು, ಪೆನ್ನಿನಿಂದ ತಿರುಗಿಸಿದರೆ ಮಾತ್ರ ಶುರುವಾಗುವ ಫ್ಯಾನು, ಬಾಗಿಲಲ್ಲಿ ಹಾಲಿನ ಕ್ಯಾನು ತೂಗುಹಾಕುವ ಕೊಕ್ಕೆ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಪದ್ಧತಿಯನ್ನು ಮಾತ್ರ ಮ್ಯೂಸಿಯಮ್ಮಿನವರು ಕಾಪಾಡಬೇಕಾಗಿಲ್ಲ. ಚಿಂಚಲಿ ಜಾತ್ರೆಯ ಜನ ಅದನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ.